ರೇಡಿಯೊ ಓದಿದ ಚೀಟಿ

ಮನೆಯಿಂದ,
ತಾರೀಕು ಹನ್ನೊಂದು, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ತಂಗಿಯ ಮನೆಯ ಮೆಟ್ಟಿಲು ಕಡಿದಾಗಿದೆ, ಸುಮ್ಮಸುಮ್ಮನೆ ಹತ್ತಿಳಿಯಬೇಡ ಎಂದು ಹೊರಡುವಾಗಲೇ ಹೇಳಿದ್ದೆ. ನೀನು ಕೇಳುವವಳಲ್ಲ ಎಂಬುದೂ ಗೊತ್ತಿತ್ತು. ಕೂಸು ರಾತ್ರಿ ಮಲಗುತ್ತದೆಯೇ? ಅಥವಾ ಅದರ ಅಮ್ಮನ ಹಾಗೆ ಮನೆಯವರನ್ನೆಲ್ಲ ಎಬ್ಬಿಸಿಟ್ಟು ತಾನು ಹಗಲು ನಿದ್ದೆ ಹೊಡೆಯುತ್ತದೆಯೇ? ತಂಗಿ ಹೊತ್ತಿಗೆ ಸರಿಯಾಗಿ ಊಟ ಮಾಡುವಂತೆ ನೋಡಿಕೋ, ನೀನೂ ಮಾಡು.

ನನ್ನ ಮೇಲೆ ನಿನಗೆ ಸಿಟ್ಟು ಬಂದಿದೆ ಎಂದು ನಿನ್ನ ಸೊಸೆ ಹೇಳಿದಳು. ಬರಲೇಬೇಕು. ನೀನು ಫೋನ್ ಮಾಡಿದಾಗಲೆಲ್ಲ ಅವಳೇ ಎತ್ತುತ್ತಾಳೆ, ನಾನು ಸ್ನಾನಕ್ಕೆ ಹೋಗಿದ್ದೇನೆ ಅನ್ನುತ್ತಾಳೆ. ಒಬ್ಬ ಮನುಷ್ಯ ಎಷ್ಟೂಂತ ಸ್ನಾನ ಮಾಡ್ತಾನೆ ಎಂದು ಕೇಳಿದೆಯಂತೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಬೇರೊಂದು ನೆಪ ಹುಡುಕುವಷ್ಟೂ ತಿಳಿಯುವುದಿಲ್ಲ. ನಿಜ ಇಷ್ಟೇ: ನನ್ನ ದನಿ ಕೂತಿದೆ. ಎರಡು ತಿಂಗಳ ಮೇಲಾಯಿತು, ಏಳುವ ಲಕ್ಷಣ ಕಾಣುತ್ತಿಲ್ಲ. ಮೇಷ್ಟ್ರುಗಳಿಗೆ ಬರುವ ಕಾಯಿಲೆಯೇ ಇದು, ಕೆಲವು ಕಾಲ ತುಟಿ ಬಿಚ್ಚಬಾರದು, ಪಿಸುಮಾತೂ ಕೂಡದು ಎಂದು ಗಂಟಲಿನ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಫೋನಿಲ್ಲ, ಅದಕ್ಕೇ ಈ ಕಾಗದ. ನೀನು ಗಾಬರಿಯಾಗುತ್ತೀಯ ಎಂದು ಇಷ್ಟು ದಿನ ಹೇಳಲಿಲ್ಲ. ಈಗ ಕೂತು ಎಲ್ಲವನ್ನೂ ಬರೆಯುತ್ತಿದ್ದೇನೆ. ಒಂದು ರೀತಿಯಲ್ಲಿ ನಿನ್ನ ಹತ್ತಿರ ಇಷ್ಟು ಉದ್ದ ಮಾತಾಡಿ ವರ್ಷಗಳೇ ಆಗಿದ್ದವು.

ನಮ್ಮ ಹೆಡ್‌ಮೇಡಂಗೆ ವರ್ಷಕ್ಕೊಂದು ಹುರುಪು ಬರುತ್ತದೆ, ಬಂದಾಗಲೆಲ್ಲ ನನ್ನ ಬೆನ್ನು ಬಾಗುತ್ತದೆ. ಈ ಸಲದ್ದು ಕಾದಂಬರಿ. ಪ್ರತಿ ತರಗತಿಯೂ ಒಂದು ಕಾದಂಬರಿ ಓದಬೇಕು, ಅದರಲ್ಲಿ ಬರುವ ಜಾಗವನ್ನು ರಟ್ಟಿನಲ್ಲಿ ಮಾಡಬೇಕು, ಆಮೇಲೆ ಮಕ್ಕಳು ಅದರ ಪಕ್ಕದಲ್ಲಿ ನಿಂತು ಅಪ್ಪ ಅಮ್ಮಂದಿರಿಗೆ ಕತೆ ಹೇಳಬೇಕು. ನನ್ನ ಐದನೇ ತರಗತಿಗೆ ಸಿಕ್ಕಿದ್ದು ನದಿ ದಿಕ್ಕು ಬದಲಿಸಿದ ಒಂದು ಊರಿನ ಕತೆ. ನೀರು ದೂರ ಸರಿದು ದೋಣಿಗಳೆಲ್ಲ ಒಣ ಮರಳಿನ ಮೇಲೆ ಕೂತಿವೆ. ಒಬ್ಬ ಮುದುಕ ಅಂಬಿಗ ಮಾತ್ರ ವರ್ಷವರ್ಷವೂ ತನ್ನ ದೋಣಿಗೆ ಬಣ್ಣ ಬಳಿಯುತ್ತಾನೆ, ಊರವರು ನಗುತ್ತಾರೆ. ಒಳ್ಳೆಯ ಪುಸ್ತಕ. ನಾನು ಓದಲು ಕೂತರೆ ಹೇಗೆ ಎಂದು ನಿನಗೆ ಗೊತ್ತಲ್ಲ, ಅಂಬಿಗನಿಗೊಂದು ದನಿ, ಅವನ ಹೆಂಡತಿಗೊಂದು, ಅವರ ಮೇಕೆಗೂ ಒಂದು. ಕಿಟಕಿಯಾಚೆ ಲಾರಿಗಳ ರಸ್ತೆ, ಪ್ಲೈವುಡ್ ಗೋಡೆಯಾಚೆ ನಾಲ್ಕನೇ ತರಗತಿಯವರ ಮಗ್ಗಿ. ಎಲ್ಲದರ ಮೇಲೆ ಕೂಗಿ ಓದಿದೆ. ಮೂರನೇ ಅಧ್ಯಾಯದಲ್ಲಿ ಅಂಬಿಗನ ಹೆಂಡತಿ ಗಂಡನನ್ನು ಬೈಯುವ ಜಾಗದಲ್ಲಿ ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಮಕ್ಕಳು ಅದೂ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು.

ರಜೆ ಹಾಕುವಂತಿರಲಿಲ್ಲ, ನನ್ನ ಬದಲು ನಿಲ್ಲುವವರು ಯಾರೂ ಇರಲಿಲ್ಲ. ಚೀಟಿಯಲ್ಲಿ ಬರೆದು ಪಾಠ ಮಾಡಿ, ಯಾರಾದರೂ ಮಕ್ಕಳು ಓದಿ ಹೇಳಲಿ ಎಂದರು ಹೆಡ್‌ಮೇಡಂ. ನಾನು ರೇಡಿಯೊಳನ್ನು ಆರಿಸಿದೆ. ಈ ಹುಡುಗಿಯ ಬಗ್ಗೆ ನಿನಗೆ ಹಿಂದೆ ಹೇಳಿದ್ದೆ, ನಿಲ್ಲದೆ ಮಾತಾಡುತ್ತಾಳೆ ಎಂದು ತರಗತಿಯೇ ಇಟ್ಟ ಹೆಸರು ಅದು. ವರ್ಷವಿಡೀ ಅವಳಿಗೆ ನಾನು ಹೇಳಿದ್ದು ಒಂದೇ ಮಾತು, ‘ಬಾಯಿ ಮುಚ್ಚು’. ಈಗ ಅದೇ ಬಾಯಿ ನನಗೆ ಬೇಕಾಯಿತು. ‘ಕತ್ತರಿಗಳನ್ನು ವಾಪಸು ಕೊಡಿ’ ಎಂದು ನಾನು ಬರೆದರೆ ಅವಳು ಚೀಟಿ ನೋಡಿ, ನನ್ನ ಮುಖ ನೋಡಿ, ‘ಕತ್ತರಿ ಕೊಡದೇ ಇದ್ದವರಿಗೆ ನಾಳೆ ಅಂಟು ಸಿಗಲ್ವಂತೆ, ಸಾರ್ ತುಂಬಾ ಬೇಜಾರಲ್ಲಿದಾರೆ’ ಅನ್ನುವಳು. ನಾನು ಬರೆದದ್ದಕ್ಕಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ತುಂಟತನ ಎಂದುಕೊಂಡು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ತಿದ್ದುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

ಹಾಗೇ ಕಾದಂಬರಿಯನ್ನೂ ಅವಳ ಕೈಗೆ ಕೊಟ್ಟೆ. ಮಕ್ಕಳು ರಟ್ಟು ಕತ್ತರಿಸುತ್ತ ಕೇಳುತ್ತಿದ್ದರು, ನಾನು ಹಿಂದಿನ ಬೆಂಚಿನಲ್ಲಿ ಮನೆಗಳಿಗೆ ಮಾಡು ಅಂಟಿಸುತ್ತ ಕೂತಿದ್ದೆ. ಏನು ಓದಿದಳು ಅಂತೀ! ಅಂಬಿಗ ರೋಸಿಹೋಗಿ ದೋಣಿಗೆ ಲಾರಿಯ ಗಾಲಿ ಹಾಕಿಸುತ್ತಾನೆ, ಮೇಕೆಯನ್ನು ಮುಂದೆ ಕೂರಿಸಿ ನದಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಕತ್ತರಿಗಳೆಲ್ಲ ನಿಂತುಹೋದವು. ನನಗೂ ಎಷ್ಟು ಹಿಡಿಸಿತೆಂದರೆ, ಇಂಥದ್ದೊಂದು ಅಧ್ಯಾಯ ಈ ಪುಸ್ತಕದಲ್ಲಿ ಎಲ್ಲಿತ್ತು ಎಂದು ನೋಡಲು ಎದ್ದುಹೋದೆ. ಎಲ್ಲೂ ಇರಲಿಲ್ಲ. ಅವಳು ತೆರೆದು ಹಿಡಿದಿದ್ದದ್ದು ಹಿಂದಿನ ವಾರವೇ ಮುಗಿದ ಪುಟ. ಒಂದು ಚೀಟಿ ತೆಗೆದು ‘ನಿನ್ನ ತಮ್ಮನಿಗೆ ಎಷ್ಟು ವಯಸ್ಸು?’ ಎಂದು ಬರೆದು ಕೊಟ್ಟೆ. ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ತರಗತಿಯ ಕಡೆ ತಿರುಗಿ ‘ಎಲ್ಲರೂ ಸುಮ್ನೆ ಕೂತ್ಕೋಬೇಕಂತೆ’ ಎಂದಳು. ನಾನು ಅಲ್ಲವೆಂದು ತಲೆಯಾಡಿಸಿದೆ. ಆಗ ಅವಳು ಸುಮ್ಮನಾದಳು ಅಮ್ಮಾ. ವರ್ಷದಲ್ಲಿ ಮೊದಲ ಸಲ. ಬಾಯಿ ಮುಚ್ಚು ಎಂದು ಅಷ್ಟೊಂದು ಸಲ ಹೇಳಿದ್ದೆನಲ್ಲ, ಆ ಸುಮ್ಮನಿರುವಿಕೆಯನ್ನು ನೋಡಲಾಗಲಿಲ್ಲ.

ಐದನೇ ತರಗತಿ ಮುಗಿಯುತ್ತ ಬಂದಿತ್ತು, ಹುಡುಗಿಗೆ ಓದಲು ಬರುತ್ತಿರಲಿಲ್ಲ. ಬಿಡಿ ಅಕ್ಷರ ಗೊತ್ತು, ಕಾಗುಣಿತದಲ್ಲಿ ಅರ್ಧ ಗೊತ್ತು, ಒತ್ತಕ್ಷರ ಬಂದರೆ ಮುಗಿಯಿತು. ಪರೀಕ್ಷೆಯಲ್ಲಿ ಪಕ್ಕದವಳನ್ನು ನೋಡಿ ಅಕ್ಷರಗಳನ್ನು ಚಿತ್ರದ ಹಾಗೆ ಇಳಿಸಿಕೊಳ್ಳುತ್ತಿದ್ದಳು, ಉಳಿದದ್ದನ್ನೆಲ್ಲ ಮಾತಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ತರಗತಿಯಲ್ಲಿ ಓದುವುದೆಲ್ಲ ನನ್ನದೇ ಆದಾಗ ಇನ್ನೊಬ್ಬರಿಗೆ ಓದು ಬರುವುದಿಲ್ಲವೆಂದು ಗೊತ್ತಾಗುವುದಾದರೂ ಹೇಗೆ?

ರಟ್ಟಿನ ಊರಿಗೆ ಬೋರ್ಡುಗಳು ಬೇಕಿದ್ದವು. ಆ ಕೆಲಸವನ್ನು ಅವಳಿಗೆ ವಹಿಸಿದೆ. ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರೂ ಕೂರುತ್ತಿದ್ದೆವು. ‘ಹಗ್ಗದ ಅಂಗಡಿ’, ‘ದೋಣಿ ರಿಪೇರಿ’, ‘ಬಣ್ಣ ಮತ್ತು ಎಣ್ಣೆ’. ನಾನು ಅಕ್ಷರ ಕತ್ತರಿಸಿ ಮುಂದಿಡುವುದು, ಬೆರಳು ತೋರಿಸುವುದು. ಹೀಗೆ ಅನ್ನು ಎಂದು ಹೇಳಿಕೊಡಲು ನನ್ನ ಹತ್ತಿರ ದನಿಯಿಲ್ಲ, ಅವಳೇ ಅಂದು ನೋಡಬೇಕು. ತಪ್ಪಾದರೆ ತಲೆಯಾಡಿಸುತ್ತಿದ್ದೆ, ಸರಿಯಾದರೆ ಅಂಟಿನ ಡಬ್ಬಿ ಕೊಡುತ್ತಿದ್ದೆ. ‘ಹಗ್ಗ’ಕ್ಕೆ ಒಂದು ಸಂಜೆ ಪೂರ್ತಿ ಬೇಕಾಯಿತು. ‘ಸಾರ್, ಇದು ಕೆಳಗೆ ಯಾಕೆ ನೇತಾಡ್ತಿದೆ, ಮೇಲೆ ಜಾಗ ಇತ್ತಲ್ಲ’ ಎಂದು ಗ ಒತ್ತಿನ ಜೊತೆ ಜಗಳಕ್ಕೆ ಬಿದ್ದಳು. ನಗು ಬಂತು, ನಕ್ಕರೂ ಗಂಟಲು ಉರಿಯುತ್ತಿತ್ತು. ಮನೆಗೆ ಬಂದರೆ ಬೆರಳಿಗೆ ಹತ್ತಿದ ಅಂಟು ಕಿತ್ತುಕೊಳ್ಳುವಷ್ಟರಲ್ಲಿ ಕೂತಲ್ಲೇ ನಿದ್ದೆ. ನಿನ್ನ ಸೊಸೆ ಬಡಿಸಿದ್ದು ಎಷ್ಟೋ ಸಲ ತಣ್ಣಗಾಯಿತು.

ಪ್ರದರ್ಶನದ ದಿನ ನಾಲ್ಕು ಬೆಂಚು ಜೋಡಿಸಿ ಊರನ್ನು ಇಟ್ಟೆವು. ಮರಳು ನಿಜವಾದದ್ದು, ನದಿ ನೀಲಿ ಪ್ಲಾಸ್ಟಿಕ್ಕು. ಅಂಬಿಗನ ದೋಣಿಗೆ ಮಕ್ಕಳು ಗುಂಡಿಗಳ ಗಾಲಿ ಹೊಲಿದಿದ್ದರು. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ರೇಡಿಯೊ ಪುಸ್ತಕ ಹಿಡಿದು ನಿಂತು, ಪುಟ ತಿರುವುತ್ತ, ತನ್ನದೇ ಕತೆಯನ್ನು ಎಷ್ಟು ಸೊಗಸಾಗಿ ಹೇಳಿದಳೆಂದರೆ ಕುರ್ಚಿ ಸಿಗದೆ ನಿಂತವರೂ ಕದಲಲಿಲ್ಲ. ಹೆಡ್‌ಮೇಡಂ ಆ ಕಾದಂಬರಿ ಓದಿರಲಿಲ್ಲ. ‘ಎಂಥ ಓದು! ಒಂದು ಕಡೆಯೂ ತಡವರಿಸಲಿಲ್ಲ ನೋಡಿ’ ಎಂದು ಅಲ್ಲೇ ಅವಳಿಗೆ ಓದಿನ ಬಹುಮಾನ ಕೊಟ್ಟರು. ಬರುವ ತಿಂಗಳು ಬೇರೆ ಶಾಲೆಗಳ ಮಕ್ಕಳ ಜೊತೆ ಗಟ್ಟಿಯಾಗಿ ಓದುವ ಸ್ಪರ್ಧೆಗೆ ಇವಳೇ ಹೋಗುತ್ತಾಳೆ ಎಂದೂ ಸಾರಿಬಿಟ್ಟರು. ಅಲ್ಲಿ ಕೊಡುವುದು ಯಾರೂ ಮೊದಲು ನೋಡಿರದ ಪುಟ. ತರಗತಿಯ ಮಕ್ಕಳಿಗೆಲ್ಲ ವಿಷಯ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಅವಳು ಜನರ ನಡುವೆ ನನ್ನ ಕಣ್ಣನ್ನೇ ಹುಡುಕುತ್ತಿದ್ದಳು.

ಮಾರನೆಯ ದಿನ ಅವಳ ಅಪ್ಪನನ್ನು ಕರೆಸಿದೆ. ಬಸ್ ನಿಲ್ದಾಣದ ಹಿಂದೆ ಟೈರು ಅಂಗಡಿ ಇಟ್ಟುಕೊಂಡವನು. ಮಗಳ ಬಹುಮಾನಕ್ಕೆಂದು ಕರೆಸಿದ್ದಾರೆ ಎಂದುಕೊಂಡು ಒಗೆದ ಅಂಗಿ ಹಾಕಿಕೊಂಡು, ಮಗಳ ಕೈ ಹಿಡಿದು ಬಂದಿದ್ದ. ನಾನು ಹಿಂದಿನ ಸಂಜೆ ಬರೆದು, ಹರಿದು, ಮತ್ತೆ ಬರೆದಿದ್ದ ಚೀಟಿ ಕೊಟ್ಟೆ. ಅವನು ಜೇಬು ತಡಕಿ, ‘ಕನ್ನಡಕ ಅಂಗಡೀಲೇ ಬಿಟ್ಟೆ ಸಾರ್. ನೀನೇ ಓದು ಮಗಳೇ, ಹೇಗೂ ಬಹುಮಾನ ತಗೊಂಡಿದೀಯ’ ಎಂದು ಅವಳ ಕೈಗೆ ಕೊಟ್ಟುಬಿಟ್ಟ. ಕನ್ನಡಕ ನಿಜವೋ ನೆಪವೋ ನಾನು ಕೇಳಲಿಲ್ಲ. ಚೀಟಿ ಕಿತ್ತುಕೊಳ್ಳಲು ಕೈ ಚಾಚಿದೆ, ಅವಳು ಅಷ್ಟರಲ್ಲಿ ತಿರುಗಿ ನಿಂತಾಗಿತ್ತು.

ಅವಳು ಏನು ಬೇಕಾದರೂ ಹೇಳಬಹುದಿತ್ತು ಅಮ್ಮಾ. ಸಾರ್ ನಿಮ್ಮನ್ನ ಹೊಗಳಿದಾರೆ, ನಂಗೊಂದು ಸೈಕಲ್ ಕೊಡಿಸ್ಬೇಕಂತೆ ಎಂದಿದ್ದರೂ ಅವನು ನಂಬುತ್ತಿದ್ದ, ಅಲ್ಲ ಎನ್ನಲು ನನಗೆ ದನಿಯಿರಲಿಲ್ಲ. ಅವಳು ಬೆರಳಿಟ್ಟಳು. ‘ನಿ... ಮ್ಮ. ನಿಮ್ಮ. ಮಗಳು ಜಾಣೆ. ಆದರೆ ಅ... ವಳಿಗೆ ಓದಲು ಬ... ರುವುದಿಲ್ಲ.’ ಅಲ್ಲಿ ನಿಂತಳು. ಕಿವಿ ಕೆಂಪಾಗಿತ್ತು. ಇನ್ನೇನು ಅಳುತ್ತಾಳೆ ಎಂದುಕೊಂಡೆ. ಮತ್ತೆ ಬೆರಳು ಸರಿಸಿದಳು. ‘ಸ... ಪ... ಸಾರ್, ಇದಕ್ಕೂ ನೇತಾಡ್ತಿದೆ. ಸ್ಪ... ರ್ಧೆ. ಸ್ಪರ್ಧೆಗೆ ಕಳಿಸಬೇಡಿ. ತಪ್ಪು ಅವಳದ... ಲ್ಲ. ನನ್ನದು.’ ಚೀಟಿಯಲ್ಲಿದ್ದದ್ದು ಅಷ್ಟೇ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಅವಳ ಅಪ್ಪ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಓದ್ತಾ ಇದಾಳಲ್ಲ ಸಾರ್?’ ಎಂದ. ಅವನು ಅದನ್ನು ತಮಾಷೆಗೆ ಅಂದದ್ದಲ್ಲ. ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಹೌದು ಎಂದು ತಲೆಯಾಡಿಸಿದೆ, ಆಡಿಸುತ್ತಲೇ ಇದ್ದೆ. ಅವಳು ಆಗ ಅತ್ತಳು.

ವಿಷಯ ತಿಳಿಸಿದಾಗಿನಿಂದ ಹೆಡ್‌ಮೇಡಂ ಮುಖ ಗಂಟಿಕ್ಕಿಕೊಂಡೇ ಇದ್ದಾರೆ. ಎಲ್ಲರ ಮುಂದೆ ಕೊಟ್ಟ ಬಹುಮಾನ ವಾಪಸು ಕೇಳುವಂತಿಲ್ಲ, ಸ್ಪರ್ಧೆಗೆ ಬೇರೆ ಮಗು ಹೋಗುತ್ತದೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಓದಿಸಿ ನೋಡಿದೆ, ಇನ್ನೂ ಮೂವರು ಅದೇ ಸ್ಥಿತಿಯಲ್ಲಿದ್ದಾರೆ. ಗೆದ್ದೆ ಎಂದು ನನಗೇನೂ ಅನ್ನಿಸುತ್ತಿಲ್ಲ, ದಣಿದಿದ್ದೇನೆ ಅಷ್ಟೇ. ಇವರನ್ನೆಲ್ಲ ಯಾರು ಕೂರಿಸಿಕೊಂಡು ಓದು ಕಲಿಸುತ್ತಾರೆ ಎಂದು ಚೀಟಿಯಲ್ಲಿ ಬರೆದು ನಿನ್ನ ಸೊಸೆಗೆ ತೋರಿಸಿದೆ. ‘ನಿಮ್ಮ ದನಿ ಹೋದ್ರೆ ನನ್ನದೂ ಹೋಯ್ತಾ? ಮನೆಗೆ ಕರ್ಕೊಂಡ್ ಬನ್ನಿ’ ಎಂದಳು. ಈಗ ಸಂಜೆ ನಾಲ್ಕೂ ಮಕ್ಕಳು ನಮ್ಮ ಹಜಾರದಲ್ಲಿ ಕೂರುತ್ತಾರೆ, ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಓದಿಸುತ್ತಾಳೆ. ರೇಡಿಯೊ ಒಂದು ಸಾಲು ಓದಿ ಹತ್ತು ಸಾಲು ಮಾತಾಡುತ್ತಾಳೆ. ಮನೆ ಮಾತಿನಿಂದ ತುಂಬಿದೆ, ಮೂಗನಾಗಿರುವವನು ನಾನೊಬ್ಬನೇ.

ಕೂಸಿನ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ತಂಗಿಗೆ ನನ್ನ ಆಶೀರ್ವಾದ. ನಿನ್ನ ಅಳಿಯನನ್ನು ಕೇಳಿದೆನೆಂದು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ಬಾಗಿದ್ದೇನೆ.

ನಿನ್ನ ಮೊದಲನೆಯ ಕೂಸು

ಮರೆತು ಬಿಟ್ಟದ್ದಲ್ಲ ಅಮ್ಮಾ, ಮೇಲೆ ಬರೆಯಲು ಕೈ ಬರಲಿಲ್ಲ. ಗಂಟಲಲ್ಲಿ ಒಂದು ಗಂಟಿದೆ. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಮೊನ್ನೆ ಉತ್ತರ ಬಂತು, ಒಳ್ಳೆಯದಲ್ಲ. ತಿಂಗಳ ಕೊನೆಗೆ ಆಪರೇಷನ್. ಜೀವಕ್ಕೆ ಭಯವಿಲ್ಲ ಎನ್ನುತ್ತಾರೆ, ದನಿಯ ವಿಷಯ ಕೇಳಿದರೆ ಬೇರೆ ಮಾತು ತೆಗೆಯುತ್ತಾರೆ. ಅದಕ್ಕೆ ಮೊದಲು ಒಂದೇ ಒಂದು ಮಾತಾಡಲು ಡಾಕ್ಟರ ಹತ್ತಿರ ಬೇಡಿ ಒಪ್ಪಿಗೆ ಪಡೆದಿದ್ದೇನೆ. ಅದನ್ನು ಫೋನಿನಲ್ಲಿ ಖರ್ಚು ಮಾಡುವುದಿಲ್ಲ. ಎದುರಿಗೆ ಕೂತು ನಿನ್ನನ್ನು ಅಮ್ಮಾ ಎಂದು ಕರೆಯಬೇಕು. ತಂಗಿಗೆ ಏನಾದರೂ ಹೇಳಿ ಹೊರಟು ಬಾ.