ಕಾಗೆಕಾಲಿನ ಗುರುತು

ಸೊಸ್ನೊವ್ಕಾ, ಮೆಜೆನ್ ನದಿ
ಸೆಪ್ಟೆಂಬರ್ 9, 1998

ಗೆಳೆಯ ಯೆವ್ಲಾಂಪಿ,

ನಿನಗೂ ನಿನ್ನ ಮಗಳ ಮನೆಯವರಿಗೂ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಬೇಸಿಗೆ ಕಳೆದೆ, ತಪ್ಪಾಯಿತು. ಕೈನೋವು ಎನ್ನಬಹುದಿತ್ತು. ಕೈ ಚೆನ್ನಾಗಿದೆ. ಪೆನ್ನು ಹಿಡಿದರೆ ಸಿಟ್ಟು ಬರುತ್ತಿತ್ತು, ಬರೆಯಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು, ಸುತ್ತಿಬಳಸಿ ಬರೆಯಲು ಬಾರದು.

ಇಲ್ಲಿ ಜೀವಕ್ಕೇನೂ ತೊಂದರೆಯಿಲ್ಲ. ಈ ಸಲ ಜೌಗಿನಲ್ಲಿ ಹಳದಿ ಹಣ್ಣು ಸುರಿದಿತ್ತು. ನನ್ನ ಹೆಂಡತಿ ಅಗ್ರಫೇನ ಮಂಡಿನೋವು ಬೈದುಕೊಂಡೇ ಪೀಪಾಯಿ ತುಂಬಿಸಿದಳು. ನಮ್ಮ ಮರದ ದೋಣಿ ಮಾತ್ರ ಸತ್ತಿತು, ತಳವೆಲ್ಲ ಕೊಳೆತಿದೆ. ಆಚೆ ದಡದ ಹುಲ್ಲು ತರಲಾಗದೆ ಹಸುವನ್ನು ಕೊಟ್ಟುಬಿಟ್ಟೆವು. "ನಿನ್ನ ರಾಕೆಟ್ಟು ಎಲ್ಲೋಯ್ತೋ ಮುದುಕ, ವಾಪಸ್ ಮೇಲಕ್ಕೆ ಹಾರೋಯ್ತಾ?" ಎಂದು ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಚುಚ್ಚುತ್ತಾಳೆ.

ಆ ರಾಕೆಟ್ಟಿನ ವಿಷಯಕ್ಕೇ ಬರುತ್ತೇನೆ.

ಹೋದ ವರ್ಷ ಆಗಸ್ಟಿನಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ಹಾರಿಬಿಟ್ಟ ರಾಕೆಟ್ಟಿನ ಮೇಲಿನ ತುಂಡು ಉಪಗ್ರಹ ಹೊತ್ತು ಏನೇನು ನೋಡಲು ಹೋಯಿತೋ, ಕೆಳಗಿನ ತುಂಡು ನಮ್ಮ ಜೌಗಿನಲ್ಲಿ ತಿಮಿಂಗಿಲದ ಹಾಗೆ ಮಲಗಿತ್ತು. ಇಂಧನದ ನಾತಕ್ಕೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿರ ಹೋದೆ. ಆ ಹಗುರ ತಗಡನ್ನು ಸೀಳಿ, ಬಗ್ಗಿಸಿ, ರಿವೆಟ್ ಹೊಡೆದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುವ ದೋಣಿ. ಚಾಕು ತೆಗೆದು ನನ್ನ ಮನೆತನದ ಕಾಗೆಕಾಲಿನ ಗುರುತು ಕೊರೆದೆ. ಕಂಡವನು ಗುರುತು ಕೊರೆದ ಮೇಲೆ, ಹಿಮ ಗಟ್ಟಿಯಾಗಿ ಎಳೆದು ತರುವವರೆಗೆ ಅದನ್ನು ಮತ್ತೊಬ್ಬ ಮುಟ್ಟಬಾರದು. ನದಿಯಲ್ಲಿ ತೇಲಿಬಂದ ದಿಮ್ಮಿಗಳಿಗೆ ನಮ್ಮ ಅಜ್ಜಂದಿರು ಮಾಡಿದ ಕಟ್ಟಳೆ ಅದು, ರಾಕೆಟ್ಟಿಗೂ ಅದೇ. ನಿನಗೆ ನಾನು ಪಾಠ ಹೇಳಬೇಕೇ?

ಅದು ಬಿದ್ದ ಜಾಗ ಹೇಳಿದ್ದು ನಿನ್ನೊಬ್ಬನಿಗೆ. ನಮ್ಮ ಹಬೆಸ್ನಾನದ ಕೋಣೆಯಲ್ಲಿ, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ನಿನ್ನ ಬೆನ್ನಿಗೆ ಬಡಿಯುತ್ತಾ ಹೇಳಿದೆ: "ಲೋ, ಸಿಕ್ತು ಕಣೋ. ತಲೆ ಹತ್ರ ಒಂದು ಮುಷ್ಟಿಯಷ್ಟು ತಗ್ಗು ಬಿಟ್ರೆ ಎಲ್ಲೂ ಒಂದು ಸುಕ್ಕಿಲ್ಲ."

"ಬಿಡೋ ಸವ್ವಾತಿ, ನಿನ್ನ ಬಲೆಗೆ ಮೀನೇ ಬೀಳಲ್ಲ, ರಾಕೆಟ್ ಬೀಳತ್ತಾ?" ಎಂದು ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ ಕೇಳಿದೆ, "ಯಾವ ಕೆರೆ ಹತ್ರ?"

ನಾನು ಹೇಳಿದೆ. ಹೇಳದೆ ಇರುತ್ತೇನೆಯೇ?

ಹಿಮ ಗಟ್ಟಿಯಾದ ಮೇಲೆ ಹೋಗಿ ನೋಡಿದರೆ ಏನಿದೆ? ಅದು ಮಲಗಿದ್ದ ಕಡೆ ಬರಿದಾದ ತಗ್ಗು, ಯಾರೋ ನನಗಿಂತ ಮೊದಲೇ ಎಳೆದೊಯ್ದಿದ್ದರು. ನೀನು ಸಮಾಧಾನ ಹೇಳಲು ಬಂದೆ. ಅಗ್ರಫೇನ ಬೇಯಿಸಿದ ಮೀನಿನ ಕಡುಬು ತಿಂದು, ಮೇಜು ಗುದ್ದಿದೆ. "ಕದ್ದವನ ಕೈ ಸೇದ್ಹೋಗ! ನನ್ ಕೈಗೆ ಸಿಗ್ಲಿ, ಅದೇ ಜೌಗಲ್ಲಿ ಹೂತಾಕ್ತೀನಿ!" ಎಂದೆ ನೀನು. ನನಗಿಂತ ಜೋರಾಗಿ ಶಾಪ ಹಾಕುವವನೊಬ್ಬ ಇದ್ದಾನಲ್ಲ ಎಂದು ನನ್ನ ಎದೆ ಹಗುರಾಯಿತು. ಅದೇ ಚಳಿಗಾಲದಲ್ಲಿ ನೀನು ಕೆಳಹರಿವಿನ ಊರಿಗೆ, ಮಗಳ ಮನೆಗೆ ಹೊರಟುಹೋದೆ.

ಜೂನ್‌ನಲ್ಲಿ ನಿನ್ನನ್ನು ನೋಡಲೆಂದೇ ಹಡಗು ಹತ್ತಿ ಬಂದೆ. ದಡದಲ್ಲಿ ನಿನ್ನ ಅಳಿಯ ಗ್ಲೆಬ್ ಹೊಸ ತಗಡಿನ ದೋಣಿಗೆ ಬಣ್ಣ ಬಳಿಯುತ್ತಿದ್ದ.

"ನೋಡಿದ್ರಾ ಅಜ್ಜ, ನಮ್ ಮಾವನ ಕಣ್ಣು ಹದ್ದಿನ ಕಣ್ಣು! ಅಷ್ಟು ದೊಡ್ಡ ಜೌಗಲ್ಲಿ ಹುಡುಕಿ ತೆಗೆದವ್ರೆ!"

ಮೂತಿಯ ಹತ್ತಿರ ತಗ್ಗಿತ್ತು. ಮುಷ್ಟಿ ಇಟ್ಟು ನೋಡಿದೆ. ಸರಿಯಾಗಿ ಕೂತಿತು.

"ಚೆನ್ನಾಗೈತೆ ಕಣಪ್ಪ," ಎಂದೆ. ಆ ಹುಡುಗನಿಗೆ ಏನೂ ಗೊತ್ತಿಲ್ಲ, ಅವನ ಮೇಲೆ ನನಗೆ ಕೋಪವಿಲ್ಲ. ಬಂದ ಹಡಗಿನಲ್ಲೇ ಹಿಂದಿರುಗಿದೆ. 'ಊರವರೆಗೂ ಬಂದವನು ಮನೆಗೇಕೆ ಬರಲಿಲ್ಲ' ಎಂದು ಎರಡು ಸಲ ಬರೆದು ಕೇಳಿದ್ದೀಯಲ್ಲ, ಇದಕ್ಕೆ.

ದೋಣಿ ನೀನೇ ಇಟ್ಟುಕೋ. ಅದಕ್ಕಾಗಿ ನಾನು ಯಾರ ಹತ್ತಿರವೂ ದೂರು ಹೇಳುವುದಿಲ್ಲ. ಬದಲಿಗೆ ಮೀನು ಕಳಿಸಬೇಡ. ನಿನಗೆಂದು ಹಬೆಕೋಣೆಯಲ್ಲಿ ತೂಗುಹಾಕಿದ್ದ ಬರ್ಚ್ ಸೊಪ್ಪಿನ ಕಟ್ಟನ್ನು ಇಳಿಸಿ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು.

ನಿನ್ನ ಮಗಳಿಗೆ ಹುಟ್ಟಿದ ಕೂಸಿಗೆ ದೇವರು ಆಯಸ್ಸು ಕೊಡಲಿ. ಅದು ಕೂತಾಗ ಆ ದೋಣಿ ಎಂದೂ ಸೋರದಿರಲಿ. ನಿನಗೇನು ಹರಸಬೇಕೋ ತಿಳಿಯದು, ನೀನೇ ತುಂಬಿಕೋ.

ಸವ್ವಾತಿ

ತಾ.ಕ.: ಇದನ್ನು ಅಗ್ರಫೇನಳಿಗೂ ಹೇಳಿಲ್ಲ. ಆ ದಿನ ಜೌಗಿನಲ್ಲಿ ನಾನು ಕೊರೆದದ್ದು ಎರಡು ಗುರುತು. ನನ್ನ ಕಾಗೆಕಾಲು, ಅದರ ಪಕ್ಕಕ್ಕೆ ನಿಮ್ಮ ಮನೆತನದ ಗಾಳ. ಉದ್ದಕ್ಕೆ ಸೀಳಿದರೆ ಎರಡು ದೋಣಿ ಆಗುತ್ತಿತ್ತು, ನಿನಗೊಂದು, ನನಗೊಂದು. ಹಿಮದ ಮೇಲೆ ಎಳೆಯಲು ಹೋದಾಗ ನೀನೇ ನೋಡಬೇಕು, ಆಗ ನಿನ್ನ ಮುಖ ನಾನು ನೋಡಬೇಕು ಎಂದು ಬಾಯಿಬಿಡದೆ ಇದ್ದೆ. ಗ್ಲೆಬ್ ಬಣ್ಣ ತರಲು ಹೋದಾಗ ಕೂರುವ ಹಲಗೆಯ ಕೆಳಗೆ ಕೈಯಾಡಿಸಿದೆ. ನಿನ್ನ ಗಾಳ ನಾನು ಕೊರೆದ ಹಾಗೇ ಇದೆ. ನನ್ನ ಕಾಗೆಕಾಲಿದ್ದ ಜಾಗವನ್ನು ಮಾತ್ರ ಬೆರಳು ಜಾರುವಷ್ಟು ನುಣ್ಣಗೆ ಅರದಿಂದ ಉಜ್ಜಿದ್ದೀಯ. ಅಂದರೆ ಎರಡನ್ನೂ ನೀನು ನೋಡಿದೆ ಯೆವ್ಲಾಂಪಿ. ನೋಡಿದ ಮೇಲೆ ಅರ ಕೈಗೆತ್ತಿಕೊಂಡೆ.