ಹೆಸರು ಒತ್ತಿದರೆ ಊಟ

ಮಾರ್ಚ್ 4, ಬೆಳಿಗ್ಗೆ 9

ಮತ್ತೆ ನನ್ನ ಎಕ್ಸೆಲ್ ಶೀಟ್ ಮುಟ್ಟಿದ್ದಾರೆ. ಆಸ್ಪತ್ರೆ ಅಡುಗೆಮನೆಗೆಂದು ನಾನೇ ಕೂತು ಮಾಡಿದ್ದು. ಡ್ರಾಪ್‌ಡೌನ್‌ನಲ್ಲಿ ರೋಗಿಯ ಹೆಸರು ಒತ್ತಿದರೆ ಸಾಕು, ವಿಲುಕಪ್ ಅನ್ನೋ ಫಾರ್ಮುಲಾ ಪಟ್ಟಿಯಲ್ಲಿ ಹುಡುಕಿ ಅವರ ಪಥ್ಯ ತಂದಿಡುತ್ತದೆ. ಚೀಟಿ ಪ್ರಿಂಟ್ — ತಟ್ಟೆ ರೆಡಿ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿಟ್ಟಿದ್ದೆ. ಈಗ ತಳದಲ್ಲಿ ಹೊಸ ಹೆಸರು. ಮ್ಯಾನೇಜರ್ ಕೈಚಳಕ.

"ಹೊಸಬರನ್ನ ಕೊನೇಲೇ ತಾನೆ ಸೇರ್ಸೋದು?" ಅಂತೆ. ಮೈಯೆಲ್ಲ ಉರಿ.

ಅದರ ಮೇಲೆ ಅತ್ತಿಗೆ. ಇಲ್ಲಿ ಮುಖ್ಯ ಅಡುಗೆಯವರು, ನನಗೆ ಈ ಕೆಲಸ ಕೊಡಿಸಿದವರು, ಎಲ್ಲ ಸರಿ. ಅರವತ್ತು ಚೀಟಿ ಬಾಕಿ ಇರುವಾಗಲೇ ಬರಬೇಕೆ?

"ಆ ಹೊಸ ಮಗೂಗೆ ಹಾಲು ಆಗಲ್ಲ ಅಂತ ಅವರಮ್ಮ ಅಂದಂಗಿತ್ತು. ಚೀಟೀಲಿ ಹಾಲು ಅಂತಿದೆ. ಒಂದ್ಸಲ ನೋಡ್ತೀಯಾ?"

"ಶೀಟ್ ಸುಳ್ಳು ಹೇಳಲ್ಲ ಅತ್ತಿಗೆ. ಚೀಟಿ ನೋಡಿ ಬಡಿಸಿ, ಸಾಕು."

ಚೀಟಿ ತೆಗೆದುಕೊಂಡು ಹೋದರು. ಸದ್ಯ.

ಮಾರ್ಚ್ 5

ಹಾಲು ಕುಡಿದ ಮಗುವಿನ ಗಂಟಲು ಊದಿ ಉಸಿರೇ ಸಿಕ್ಕಿಕೊಂಡಿತ್ತು. ಐಸಿಯುನಲ್ಲಿದೆ. ಉಳಿಯುತ್ತದಂತೆ.

ಚೀಟಿ ಎಂಜಲು ತಟ್ಟೆಯ ಜೊತೆ ಕಸಕ್ಕೆ ಹೋಗಿದೆ. ಮ್ಯಾನೇಜರ್ ಎಲ್ಲರ ಮುಂದೆ ಅತ್ತಿಗೆಗೆ, "ತಟ್ಟೆ ಅದಲುಬದಲು ಮಾಡಿದೀರ, ನಾಳೆಯಿಂದ ಬರಬೇಡಿ" ಅಂದ. ಹದಿನೆಂಟು ವರ್ಷ ದುಡಿದವರಿಗೆ. ಪಟ್ಟಿ ಕೆಡಿಸಿದವನು ಅವನು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅತ್ತಿಗೆ ಏಪ್ರನ್ ಮಡಚಿಟ್ಟು ಹೊರಟರು. ನಾನೂ ಅಲ್ಲೇ ಇದ್ದೆ.

ಮಾರ್ಚ್ 9

ಮಗು ವಾರ್ಡಿಗೆ ಬಂದಿದೆ. ಮನೆಯಲ್ಲಿ ಅಣ್ಣ ಕೇಳುತ್ತಲೇ ಇದ್ದಾನೆ, "ಹೇಗಾಯ್ತು? ಚೀಟಿ ನೋಡ್ಲಿಲ್ವಾ?" ಅತ್ತಿಗೆ, "ಆಯ್ತು ಬಿಡಿ" ಅಂದು ನನಗೆ ಇನ್ನೊಂದು ಸೌಟು ಸಾರು ಹಾಕಿದರು. ತಟ್ಟೆ ಪಕ್ಕಕ್ಕೆ ಸರಿಸಿದೆ. ಬೈಯಬಾರದಿತ್ತೆ ಈ ಹೆಂಗಸು!

13ಕ್ಕೆ ಆಸ್ಪತ್ರೆಯಲ್ಲಿ ವಿಚಾರಣೆ. ಮ್ಯಾನೇಜರ್‌ನ ಬಣ್ಣ ಬಯಲು ಮಾಡದಿದ್ದರೆ ಕೇಳಿ.

ಮಾರ್ಚ್ 12, ಮಧ್ಯಾಹ್ನ

ಸಾಕ್ಷಿ ಬೇಕಲ್ಲ, ಶೀಟ್ ತೆರೆದೆ. ಮಗುವಿನ ಹೆಸರು ಒತ್ತಿದೆ. ಹಾಲು. ಪಟ್ಟಿಯ ತಳದಲ್ಲಿ ಅದೇ ಹೆಸರಿನ ಎದುರು "ಹಾಲು ಬೇಡ" ಅಂತ ಮ್ಯಾನೇಜರ್ ಸರಿಯಾಗೇ ಬರೆದಿದ್ದಾನೆ. ಬಂದಿರುವುದು ಬೇರೆ ಯಾರದೋ ಊಟ.

ಫಾರ್ಮುಲಾ ನೋಡಿದೆ. ಕೊನೆಯಲ್ಲಿ ಫಾಲ್ಸ್ ಇಲ್ಲ, 'ಅದೇ ಹೆಸರೇ ಬೇಕು' ಅಂತ ಹೇಳುವ ಪದ. ಅದಿಲ್ಲದಿದ್ದರೆ ಪಟ್ಟಿ ಅಕಾರಾದಿಯಾಗಿದೆ ಎಂದುಕೊಂಡು, ಹೆಸರು ಇರಬೇಕಾದ ಕಡೆ ಮಾತ್ರ ಹುಡುಕಿ, ಅಲ್ಲಿ ಸಿಗದಿದ್ದರೆ ಹತ್ತಿರದ್ದನ್ನು ಹಿಡಿಯುತ್ತದೆ. ಅಷ್ಟು ದಿನ ನಡೆದದ್ದು ಪಟ್ಟಿ ಕ್ರಮದಲ್ಲಿತ್ತೆಂದು, ಅಷ್ಟೆ. ಅವನು ಅಳಿಸಿರಬೇಕು — ಶೀಟ್‌ನ ಬದಲಾವಣೆಗಳ ಹಿಸ್ಟರಿ ತೆಗೆದೆ. ಮೊದಲ ದಿನದಿಂದಲೂ ಇಲ್ಲ. ನಾನೇ ಹಾಕಿಲ್ಲ.

ಥೂ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು.

ಆ ದಿನ ನನ್ನ ಹತ್ತಿರ ಬಂದು ಕೇಳಿದ್ದನ್ನು ಅತ್ತಿಗೆ ಯಾರಿಗೂ ಹೇಳಿಲ್ಲ. ಅಣ್ಣನಿಗೂ.

ಮಾರ್ಚ್ 13, ಬೆಳಿಗ್ಗೆ 6

ವಿಚಾರಣೆಯಲ್ಲಿ ಕೊಡಲು ಕಾಗದ ಬರೆಯುತ್ತಿದ್ದೇನೆ. ಕರಡು ಇಲ್ಲೇ.

'ಚೀಟಿ ತಪ್ಪಿರಬಹುದೆಂದು ನಮ್ಮ ಅತ್ತಿಗೆ ಆ ದಿನವೇ ಬಂದು ಕೇಳಿದ್ದರು. ನೋಡದೆ ವಾಪಸು ಕಳಿಸಿದವಳು'

ಅತ್ತಿಗೆ ಕಾಫಿ ತಂದು ಇಟ್ಟರು. ಸಕ್ಕರೆ ಸಾಕಾ ಅಂತ ಕೇಳ್ತಿದ್ದಾರೆ. ಸಾಕು ಅಂದು, 'ನಾನು' ಅಂತ ಬರೆದೆ.