ಪೆಟ್ಟಿಗೆಯೊಳಗಿನ ದೊಡ್ಡವಳು

ಜೂನ್ ೩, ಸೋಮವಾರ

ಉಪವಾಸ. ನೀರು ಮಾತ್ರ. ಎದ್ದು ಕತ್ತಿನ ಕೊಳವೆ ತೆಗೆದು ತೊಳೆದೆ. ಕುದಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ ತೂತಿನ ಸುತ್ತ ಒರೆಸಿದೆ. ಮನೆ ಗುಡಿಸಿ, ದೇವರ ಮುಂದೆ ದೀಪ ಹಚ್ಚಿದೆ. ಪ್ರಾರ್ಥನೆ ಮನಸ್ಸಿನಲ್ಲೇ. ಗಂಟಲಿನ ಆಪರೇಷನ್ ಆದಮೇಲೆ ತುಟಿ ಮಾತ್ರ ಆಡುತ್ತದೆ, ಸದ್ದಿಲ್ಲ. ದೇವರಿಗೆ ಅಷ್ಟು ಸಾಕು ಅಂದುಕೊಂಡಿದ್ದೇನೆ.

ಅಮ್ಮನಿಗೆ ಅಷ್ಟು ಸಾಲದು. ಅವಳಿಗೆ ಕಣ್ಣು ಪೂರ್ತಿ ಹೋಗಿದೆ. ನಾನು ಚೀಟಿ ಬರೆದು ತೋರಿಸುವ ಹಾಗಿಲ್ಲ, ಅವಳು ನನ್ನ ತುಟಿ ನೋಡುವ ಹಾಗಿಲ್ಲ. "ಇಬ್ರನ್ನೂ ಸೇರಿಸಿದ್ರೆ ಒಬ್ಬ ಪೂರ್ತಿ ಹೆಂಗಸು ಆಗ್ತೀರ" ಅನ್ನುತ್ತಾನೆ ತಮ್ಮ. ಅವನ ಬಾಯಿಗೆ ಬೀಗವಿಲ್ಲ.

ಇವತ್ತು ಆಸ್ಪತ್ರೆಯವರು ಟ್ಯಾಬ್ ಕೊಟ್ಟು ಕಳಿಸಿದರು. ಅಮ್ಮ ಮುಟ್ಟಿ ನೋಡಿ ಪೆಟ್ಟಿಗೆ ಅಂದಳು. ಆಪರೇಷನ್ನಿಗೆ ಮೊದಲು ಸ್ಟುಡಿಯೋದಲ್ಲಿ ಎರಡು ದಿನ ಕೂತು ಆಡಿದ ಮಾತೆಲ್ಲ ಅದರಲ್ಲಿದೆ. ಒಂದು ಮಾತಿಗೆ ಒಂದು ಬಟನ್. ಮೊದಲು ಒತ್ತಿದ್ದು 'ಅಮ್ಮ, ಎದ್ದೆಯಾ?' ಅಮ್ಮ ಕೈ ಚಾಚಿ ನನ್ನ ಕೆನ್ನೆ ಹುಡುಕಿದಳು. "ಬಂದೆಯಾ ಚಿಕ್ಕವಳೇ. ಎಷ್ಟು ದಿನ ಆಯ್ತೇ ನಿನ್ನ ಕೇಳಿ."

ಆಮೇಲೆ 'ಮಾತ್ರೆ ತಗೊಂಡೆಯಾ?' ಒತ್ತಿದೆ. ಕೈ ಹಿಂದಕ್ಕೆ ತೆಗೆದಳು.

"ಇದ್ಯಾರು?"

ಮತ್ತೆ ಒತ್ತಿದೆ. ನಿಧಾನ. ದಪ್ಪ. ಮಾತು ನಾನು ಆಡಿದ್ದೇ, ದನಿ ನನ್ನದಲ್ಲ...

ಅಮ್ಮ ಸೆರಗು ಸರಿಮಾಡಿಕೊಂಡಳು. "ದೊಡ್ಡವಳು" ಅಂದಳು.

ಜೂನ್ ೪, ಮಂಗಳವಾರ

ತಮ್ಮ ಬಂದು ಎಲ್ಲ ಬಟನ್ ಒತ್ತಿ ನೋಡಿದ. ಅರ್ಧ ನನ್ನ ದನಿ. ಇನ್ನರ್ಧ ದಪ್ಪ ದನಿ. ಮೊದಲ ದಿನ ಆಡಿದ್ದೆಲ್ಲ ಸರಿ, ಎರಡನೇ ದಿನದ್ದೆಲ್ಲ ಹೀಗೆ.

"ಆ ವೈರಪ್ಪ ಏನೋ ಎಡವಟ್ಟು ಮಾಡಿದಾನೆ." ವೈರಪ್ಪ ಅಂದರೆ ಸ್ಟುಡಿಯೋದವನು. ಕೊರಳಿಗೆ ಯಾವಾಗಲೂ ಎರಡು ಮೂರು ವೈರು ಸುತ್ತಿಕೊಂಡಿರುತ್ತಾನೆ, ಅದಕ್ಕೆ ತಮ್ಮ ಇಟ್ಟ ಹೆಸರು.

"ಎಡವಟ್ಟೂ ಇಲ್ಲ, ಏನೂ ಇಲ್ಲ" ಅಂದಳು ಅಮ್ಮ. "ಅವಳೇ."

"ಅಮ್ಮಾ, ದೊಡ್ಡಕ್ಕ ಹೋಗಿ ಎಷ್ಟು ವರ್ಷ ಆಯ್ತು?"

"ನಂಗೆ ಕಣ್ಣು ಹೋಗಿದೆ ಕಣೋ, ಬುದ್ಧಿ ಹೋಗಿಲ್ಲ. ಸತ್ತಿದಾಳೆ ಅಂತ ಗೊತ್ತು. ಸತ್ತೋಳೇ ಬಂದಿದಾಳೆ. ಹೆತ್ತೋಳಿಗೆ ಕಿವೀಲಿ ಗೊತ್ತಾಗಲ್ವಾ?"

ತಮ್ಮ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಯಾಕೆಂದರೆ ನನಗೂ ಹಾಗೇ ಕೇಳಿಸಿತ್ತು. ನಮ್ಮಿಬ್ಬರದು ಒಂದೇ ಗಂಟಲು ಅನ್ನುತ್ತಿದ್ದರು. ಅಕ್ಕನದು ಸ್ವಲ್ಪ ತಗ್ಗು, ಎಳೆದು ಆಡುವ ಮಾತು.

ಅಕ್ಕ ತನಗೆ ಬೇಕಾದವನನ್ನು ಮದುವೆಯಾದಳು. ಅಮ್ಮ ಬಾಗಿಲು ಹಾಕಿದಳು. ಕಡೆಗೆ ಆಸ್ಪತ್ರೆಯಿಂದ ಫೋನ್ ಬಂದಾಗಲೂ "ನಾಳೆ ನೋಡೋಣ" ಅಂದಳು. ನಾಳೆಗೆ ಅಕ್ಕ ಇರಲಿಲ್ಲ.

ಜೂನ್ ೬, ಗುರುವಾರ. ಮಧ್ಯಾಹ್ನ

ನನ್ನ ದನಿ ಬಂದರೆ ಅಮ್ಮ "ಹೂಂ" ಅನ್ನುತ್ತಾಳೆ. ಆ ದನಿ ಬಂದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ನಾನು ಹೇಳಿದರೆ ಕುಡಿಯದ ಕಷಾಯವನ್ನು ಅವಳು ಹೇಳಿದರೆ ಗಟಗಟ ಕುಡಿಯುತ್ತಾಳೆ.

ಇವತ್ತು ಬೇಕೆಂದೇ ಎರಡನೇ ದಿನದ ಬಟನ್‌ಗಳನ್ನೇ ಒತ್ತಿದೆ. ಕೆಲಸ ಬೇಗ ಆಯಿತು. ಸ್ನಾನ, ಊಟ, ಮಾತ್ರೆ. ಒಂದು ತಕರಾರಿಲ್ಲ.

ಅಮ್ಮ ಆ ದನಿಗೆ ಚಾಡಿ ಹೇಳಿದಳು: "ಚಿಕ್ಕವಳು ಇಲ್ಲೇ ಇರ್ತಾಳೆ, ಆದ್ರೆ ಹತ್ರ ಕೂರಲ್ಲ. ಪಾತ್ರೆ ಸದ್ದೇ ಅವಳ ಮಾತು." ಅವಳ ತಲೆ ಬಾಚುತ್ತಿದ್ದೆ ಆಗ. ಬಾಚಣಿಗೆ ನಿಲ್ಲಿಸಲಿಲ್ಲ.

ಜೂನ್ ೧೦, ಸೋಮವಾರ

ಉಪವಾಸ. ಮನಸ್ಸು ನಿಲ್ಲುತ್ತಿಲ್ಲ.

ಬೆಳಿಗ್ಗೆ ಅಮ್ಮ ಬಾಗಿಲು ಹಾಕಲು ಹೇಳಿದಳು. ಹಾಕಿದೆ. ನಾನು ಹೊರಗೆ ಹೋದೆ ಅಂದುಕೊಂಡಳು. ಪೆಟ್ಟಿಗೆ ನನ್ನ ಮಡಿಲಲ್ಲಿತ್ತು. ಯಾವಾಗಲೂ ದನಿ ಬರುವ ಕಡೆಗೆ ಮುಖ ಮಾಡಿ ಕೇಳಿದಳು —

"ದೊಡ್ಡವಳೇ. ಅವತ್ತು ಬರಬೇಕಿತ್ತು ನಾನು. ಚಪ್ಪಲಿ ಹಾಕ್ಕೊಂಡು ಬಾಗಿಲ ತನಕ ಬಂದು ಕೂತ್ಬಿಟ್ಟೆ. ಸಿಟ್ಟಿದೆಯಾ ನನ್ಮೇಲೆ?"

ಉಸಿರು ಕತ್ತಿನ ತೂತಲ್ಲಿ ಸುಯ್ ಅನ್ನುತ್ತದೆ. ಅದು ಕೇಳಬಾರದು ಅಂತ ಬಟ್ಟೆ ಒತ್ತಿ ಹಿಡಿದೆ. ಅಮ್ಮ ಕಾದಳು. ಕಣ್ಣಿಲ್ಲದವರು ಕಾಯುವುದನ್ನು ನೋಡಲಾಗದು. ಮುಖವೆಲ್ಲ ಕಿವಿಯಾಗಿರುತ್ತದೆ.

'ಇಲ್ಲ' ಎಂಬ ಬಟನ್ ಎರಡನೇ ದಿನದ್ದು.

ಒತ್ತಿದೆ.

ಅಮ್ಮ ಅಳಲಿಲ್ಲ. ಬಿಗಿಯಾಗಿ ಹಿಡಿದಿದ್ದ ಕುರ್ಚಿಯ ಕೈ ಬಿಟ್ಟಳು, ಅಷ್ಟೇ. ಆಮೇಲೆ ಮಲಗಿಸು ಅಂದಳು. ಸಂಜೆಯವರೆಗೂ ನಿದ್ದೆ.

ದೇವರೇ, ಆ ಕ್ಷಮೆ ನನ್ನ ಹತ್ತಿರ ಇರಲಿಲ್ಲ ಕೊಡುವುದಕ್ಕೆ. ಸತ್ತವಳದನ್ನು ತೆಗೆದು ಕೊಟ್ಟೆ. ಅಕ್ಕನಿಗೆ ಸಿಟ್ಟಿತ್ತೋ ಇಲ್ಲವೋ... ನನಗೆ ಗೊತ್ತಿಲ್ಲ. ಉಪವಾಸ ಮುರಿಯಲಿಲ್ಲ. ಅದರಿಂದ ಏನೂ ಆಗಲಿಲ್ಲ.

ಜೂನ್ ೧೯, ಬುಧವಾರ

ಬರೆಯಲು ಕೈ ಬಂದಿರಲಿಲ್ಲ. ಅಮ್ಮ ಚೆನ್ನಾಗಿ ತಿನ್ನುತ್ತಿದ್ದಾಳೆ. ದಿನವೂ ಅದೇ ಪ್ರಶ್ನೆ. ದಿನವೂ ಒತ್ತುತ್ತಿದ್ದೇನೆ.

ಇನ್ನು ಸಾಕು. ತಮ್ಮನಿಗೆ ಬರೆದು ತೋರಿಸಿದೆ: ವೈರಪ್ಪನಿಗೆ ಹೇಳು, ಸರಿಮಾಡಿಸಬೇಕು. 'ಇಲ್ಲ' ಒತ್ತಿದ್ದನ್ನು ಹೇಳಲಿಲ್ಲ.

ಜೂನ್ ೨೧, ಶುಕ್ರವಾರ

ಸ್ಟುಡಿಯೋಗೆ ಹೋಗಿ ಬಂದೆವು. ಅದೇ ಕೋಣೆ, ಗೋಡೆಗೆಲ್ಲ ಸ್ಪಂಜು. ಕೊನೆಯ ಸಲ ಇಲ್ಲಿ ಕೂತಾಗ ಗಂಟಲಿತ್ತು.

ವೈರಪ್ಪ ನಮ್ಮ ಫೈಲ್ ತೆಗೆದ. ಕೇಳಿದ. ಮೂಗು ಉಜ್ಜಿಕೊಂಡ. "ಸ್ಯಾಂಪಲ್ ರೇಟ್ ಮೇಡಂ. ನಾನು ಮಾಡಿದ್ದು ಕತ್ತೆ ಕೆಲಸ."

"ಕನ್ನಡದಲ್ಲಿ ಹೇಳಪ್ಪ" ಅಂದ ತಮ್ಮ.

"ದನೀನ ಮಿಷನ್ನು ಚೂರು ಚೂರು ಮಾಡಿ ಇಟ್ಕೊಳ್ಳುತ್ತೆ. ಮೊದಲನೇ ದಿನ ಸೆಕೆಂಡಿಗೆ ನಲವತ್ನಾಲ್ಕು ಸಾವಿರದ ನೂರು ಚೂರು. ಮಧ್ಯೆ ಒಂದು ಹಾಡಿನ ಗುಂಪು ಬಂದಿತ್ತು, ಅವರಿಗೆ ನಲವತ್ತೆಂಟು ಸಾವಿರಕ್ಕೆ ಇಟ್ಟೆ. ವಾಪಸ್ ಇಡೋದು ಮರೆತೆ. ಎರಡನೇ ದಿನ ಇವರ ದನಿ ನಲವತ್ತೆಂಟರಲ್ಲಿ ಬಂತು, ಆದ್ರೆ ಫೈಲ್ ಮೇಲೆ ಮಾತ್ರ ಹಳೇ ಲೆಕ್ಕ. ಈಗ ಟ್ಯಾಬು ಆ ಲೆಕ್ಕ ನಂಬ್ಕೊಂಡು ನಿಧಾನಕ್ಕೆ ಓದುತ್ತೆ. ನಿಧಾನ ಆದ್ರೆ ದನಿ ತಗ್ಗುತ್ತೆ."

"ಹಾಗಾದ್ರೆ ಸ್ವಲ್ಪ ಜೋರಾಗಿ ಓಡಿಸಿಬಿಡು."

"ಕಿವಿ ಅಂದಾಜಿಗೆ ಎಳೆದಾಡಿದ್ರೆ ದನಿ ಒಡೆಯುತ್ತೆ ಸಾರ್. ಮೊದ್ಲು ಫೈಲಿಗೆ ಅದರ ನಿಜವಾದ ಲೆಕ್ಕ ಬರೀಬೇಕು. ಆಮೇಲೆ ಎಲ್ಲಾನೂ ಒಂದೇ ರೇಟಿಗೆ ತರಬೇಕು, ಒಂದೇ ಸಲ. ಮೂಲ ಹಾಳಾಗಿಲ್ಲ. ಇವರ ದನಿ ಇವರದೇ, ಹಣೆಪಟ್ಟಿ ಮಾತ್ರ ತಪ್ಪು."

ಹೆಡ್‌ಫೋನ್ ಹಾಕಿ ಕೂರಿಸಿದ. ಒಂದೊಂದೇ ಮಾತು ಸರಿಮಾಡಿ ಕೇಳಿಸಿದ. ಸರಿಯಿದ್ದರೆ ತಲೆ ಆಡಿಸಬೇಕು. 'ಊಟ ಆಯ್ತಾ?' ನಾನು. 'ಬಾಗಿಲು ಹಾಕ್ಕೋ.' ನಾನು. ಪ್ರತಿ ಸಲ ತಲೆ ಆಡಿಸಿದಾಗಲೂ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದ ಹಾಗೆ. 'ಇಲ್ಲ' ಬಂದಾಗ ತಲೆ ಆಡಲಿಲ್ಲ. ವೈರಪ್ಪ ಎರಡು ಸಲ ಹಾಕಿದ. "ಸರಿ ಇದೆಯಲ್ಲ ಮೇಡಂ?"

ಸರಿ ಇತ್ತು. ತಲೆ ಆಡಿಸಿದೆ.

ಹೊರಡುವಾಗ ತಮ್ಮ ಅಮ್ಮನ ವಿಷಯ ಹೇಳಿದ. ವೈರಪ್ಪ ಕೊರಳ ವೈರು ತೆಗೆದು ಕೈಗೆ ಸುತ್ತಿಕೊಂಡ. ಆಮೇಲೆ, "ಬೇಕು ಅಂದ್ರೆ ಆ ತಪ್ಪು ದನೀನೂ ಬೇರೆ ಬಟನ್‌ಗೆ ಹಾಕಿ ಕೊಡ್ತೀನಿ. ಒಂದು ಫೋನ್ ಮಾಡಿ ಸಾಕು."

ಜೂನ್ ೨೨, ಶನಿವಾರ

ಅಮ್ಮ ಬೆಳಿಗ್ಗೆಯಿಂದ ದೊಡ್ಡವಳನ್ನೇ ಕೇಳುತ್ತಿದ್ದಾಳೆ. ಯಾವ ಬಟನ್ ಒತ್ತಿದರೂ "ಇದು ನೀನು" ಅನ್ನುತ್ತಾಳೆ. ಬೈಗುಳದ ಹಾಗೆ. ಮಧ್ಯಾಹ್ನ ತಟ್ಟೆ ದೂಡಿದಳು. ರಾತ್ರಿಯೂ.

ಜೂನ್ ೨೪, ಸೋಮವಾರ

ಉಪವಾಸ. ನನ್ನದು ಇವತ್ತು, ಅಮ್ಮನದು ಶನಿವಾರದಿಂದ. ನೀರು ಮಾತ್ರ ಒಂದೆರಡು ಗುಟುಕು.

ಬೆಳಿಗ್ಗೆ ನನ್ನ ಮಣಿಕಟ್ಟು ಹಿಡಿದಳು. "ಎಲ್ಲಾ ಮಾತೂ ಒತ್ತು. ಒಂದೂ ಬಿಡಬೇಡ." ಒತ್ತಿದೆ. 'ಇಲ್ಲ' ಬಂದಾಗ ಹಿಡಿತ ಬಿಗಿಯಾಯಿತು.

"ಅವತ್ತು ನಾನು ಸಿಟ್ಟಿದೆಯಾ ಅಂತ ಕೇಳಿದ್ನಲ್ಲ. ಇಲ್ಲ ಅಂದಿದ್ದು ಯಾರು?"

ಅದಕ್ಕೆ ಪೆಟ್ಟಿಗೆಯಲ್ಲಿ ಮಾತಿಲ್ಲ. ಗಂಟಲಿದ್ದಾಗ ಅಂಥ ಮಾತು ಬೇಕಾದೀತು ಅಂತ ಹೊಳೆದಿರಲಿಲ್ಲ. ಕೈ ಬಿಡಿಸಿಕೊಂಡು ಅಡಿಗೆಮನೆಗೆ ಬಂದೆ. ತಮ್ಮ ಬಂದಿದ್ದಾನೆ, ಜಗಲಿಯಲ್ಲಿ ಕೂತಿದ್ದಾನೆ. ಈ ಹಾಳೆಯ ಅರ್ಧ ಹರಿದು ಅವನಿಗೆ ಕೊಡುತ್ತೇನೆ. ಕೆಳಗಿನದು ಅವನಿಗೆ.

ತಮ್ಮಾ, ಇದನ್ನು ಅಮ್ಮನಿಗೆ ಓದಿ ಹೇಳು. ಅಮ್ಮ, ಒತ್ತಿದ್ದು ನಾನು. ಒಂದು ದಿನವಲ್ಲ, ದಿನಾ ಒತ್ತಿದೆ. ದನಿಯೂ ನನ್ನದೇ, ಮಿಷನ್ನಿನ ತಪ್ಪಿಂದ ತಗ್ಗಿ ಅಕ್ಕನ ಹಾಗೆ ಆಗಿತ್ತು. ಅಕ್ಕನ ಮನಸ್ಸಲ್ಲಿ ಏನಿತ್ತೋ ನನಗೆ ತಿಳಿಯದು. ನಿನಗೆ ಸಮಾಧಾನವಾಗಲಿ ಅಂತ ಮಾಡಿದೆ, ನೀನು ಬೇಗ ಉಣ್ಣಲಿ ಅಂತಲೂ ಮಾಡಿದೆ. ಎರಡೂ ನಿಜ. ನಿನಗೆ ಆ ದನಿ ಬೇಕಾದರೆ ಸ್ಟುಡಿಯೋದವನು ವಾಪಸ್ ಹಾಕಿಕೊಡುತ್ತಾನೆ. ಅದು ಅಕ್ಕ ಅಲ್ಲ ಅಂತ ತಿಳಿದೂ ಬೇಕಾ, ನೀನೇ ಹೇಳು. ಬೇಡ ಅಂದರೆ ನಾನೇ ಇರುತ್ತೇನೆ.

ತಮ್ಮಾ, ನೀನು ನಡುವೆ ಏನೂ ಸೇರಿಸಬೇಡ, ತಮಾಷೆ ಮಾಡಬೇಡ. ಬಾಗಿಲು ಹಾಕಿಕೊಂಡು ಓದು. ನಾನು ಒಳಗೆ ಬರಲಾರೆ, ಒಲೆಯ ಹತ್ತಿರ ಇರುತ್ತೇನೆ. ಅವಳು ಏನು ಹೇಳಿದರೂ, ಬೈದರೂ, ಅದನ್ನು ಮೆತ್ತಗೆ ಮಾಡದೆ, ಹೇಳಿದ ಹಾಗೇ ನನಗೆ ತಂದು ಮುಟ್ಟಿಸು.